ಬೀದಿ ಕಟ್ಟಿದ ಬೆಲೆ: ಮಲ್ಲೇಶ್ವರದ ಮನೆ, ನಿವೇಶನ ಮತ್ತು ನಿತ್ಯದ ಬದುಕು

ಮಲ್ಲೇಶ್ವರ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು. ಅದರ ಪಡುವಣಕ್ಕೆ ರೈಲು ಹಳಿ. ಈಶಾನ್ಯಕ್ಕೆ ಸ್ಯಾಂಕಿ ಕೆರೆ. ಬಡಗಣಕ್ಕೆ ಹೋದರೆ ಭಾರತೀಯ ವಿಜ್ಞಾನ ಸಂಸ್ಥೆ. ನಡುವೆ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಕ್ಕಪಕ್ಕ ಸಾಗುತ್ತವೆ. ಅವನ್ನು ಅಡ್ಡ ಹಾಯುವ ಕ್ರಾಸುಗಳನ್ನು ದಕ್ಷಿಣದಿಂದ ಎಣಿಸುತ್ತ ಬಂದರೆ ಹದಿನೆಂಟರವರೆಗೆ ಲೆಕ್ಕ ಸಿಗುತ್ತದೆ. ಇಷ್ಟರೊಳಗೆ ಒಂದು ನಿವೇಶನ ಇಂದು ಕೋಟಿಗಳ ಲೆಕ್ಕದಲ್ಲಿ ಕೈ ಬದಲಾಯಿಸುತ್ತದೆ. ಆ ಬೆಲೆ ಎಲ್ಲಿಂದ ಬಂತು? ಅದನ್ನು ಕಟ್ಟಿದವರು ಯಾರು? ಅದು ಉಳಿಯಬೇಕಾದರೆ ಏನೇನು ಉಳಿಯಬೇಕು? ಈ ಭಾಷಣದ ವಿಷಯ ಇಷ್ಟೇ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಕಟ್ಟಡ ವರ್ಷ ಕಳೆದಂತೆ ಸವೆಯುತ್ತದೆ. ಅದರ ಬೆಲೆ ಇಳಿಯುತ್ತದೆ. ಏರುವುದು ನೆಲದ ಬೆಲೆ. ಆ ಏರಿಕೆಯ ಕಾರಣ ಮನೆಯ ಗೇಟಿನ ಹೊರಗಿದೆ. ರಸ್ತೆ, ಮರ, ಮಾರುಕಟ್ಟೆ, ಶಾಲೆ, ಆಸ್ಪತ್ರೆ, ಗುಡಿ, ನೆರೆಹೊರೆ ಇವೆಲ್ಲ ಸೇರಿ ನೆಲಕ್ಕೆ ಬೆಲೆ ತಂದಿವೆ. ಇವನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಜನ ಕೂಡಿ ಬೆಳೆಸಿದ್ದಾರೆ. ಬೆಲೆಯನ್ನು ಪಡೆಯುವವರು ಮಾತ್ರ ಒಬ್ಬೊಬ್ಬರೇ. ಮಲ್ಲೇಶ್ವರದ ಕಥೆಯಲ್ಲಿ ಈ ಮಾತು ಹೆಜ್ಜೆ ಹೆಜ್ಜೆಗೂ ಕಾಣುತ್ತದೆ.

ಬಡಾವಣೆಗಿಂತ ಗುಡಿ ಹಳೆಯದು. ಕಾಡು ಮಲ್ಲೇಶ್ವರ ದೇವಸ್ಥಾನ 17ನೆಯ ಶತಮಾನದ್ದು. ಅಲ್ಲಿನ 1669ರ ಶಾಸನ ಶಿವಾಜಿಯ ಮಲತಮ್ಮ ಏಕೋಜಿಯ ಕಾಲದ್ದು. ಆಗ ಇದು ಹಳ್ಳಿ ಹೊಲಗಳ ನೆಲ. ಊರು ಎಂದರೆ ದೂರದ ಪೇಟೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ಇಕ್ಕಟ್ಟಿನ ಓಣಿಗಳಲ್ಲಿ ಅಂಗಡಿ, ಮಗ್ಗ, ಮನೆ ಎಲ್ಲ ಒತ್ತೊತ್ತಾಗಿದ್ದವು. 1891ರ ಹೊತ್ತಿಗೆ ಪೇಟೆ, ಬ್ರಿಟಿಷರ ದಂಡು ಪ್ರದೇಶ ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ ಸುಮಾರು 1 ಲಕ್ಷ 80 ಸಾವಿರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, 1890ರ ದಶಕದಲ್ಲಿ, ಪೇಟೆಯ ಹೊರಗೆ ಹೊಸ ಬಡಾವಣೆಗಳ ಯೋಜನೆ ರೂಪುಗೊಂಡಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಮನೆಯನ್ನು ಬಿಟ್ಟು ಜನ ಬಯಲಿಗೆ ಓಡಿದರು. ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಒತ್ತೊತ್ತಾಗಿ ಬದುಕುವುದು ಎಷ್ಟು ಅಪಾಯ ಎಂಬುದು ಸಾವಿನ ಲೆಕ್ಕದಲ್ಲೇ ತಿಳಿಯಿತು. ಹೊಸ ಬಡಾವಣೆಗಳಿಗೆ ಬೇಡಿಕೆ ಹುಟ್ಟಿದ್ದು ಆಗ. ಮಲ್ಲೇಶ್ವರದ ನಕ್ಷೆಯಲ್ಲಿ ಆ ಭಯದ ಗುರುತು ಇಂದಿಗೂ ಇದೆ. ರಸ್ತೆಗಳು ನೇರ. ಮನೆಯ ಸುತ್ತ ಖಾಲಿ ಜಾಗ. ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಒಂದು ಕಿರಿದಾದ ಓಣಿ. ಅದಕ್ಕೆ ಕನ್ಸರ್ವೆನ್ಸಿ ಓಣಿ ಎಂದು ಹೆಸರು. ಒಳಚರಂಡಿ ಇಲ್ಲದ ಕಾಲದಲ್ಲಿ ಹೊಲಸನ್ನು ಹೊತ್ತು ಸಾಗಿಸುವ ಅಮಾನುಷ ಕೆಲಸವನ್ನು ಕಾರ್ಮಿಕರು ಈ ಹಿಂದಣ ಓಣಿಯಲ್ಲಿ ಮಾಡಬೇಕಾಗಿತ್ತು. ಮುಂಬಾಗಿಲ ಬೀದಿಯ ಚೊಕ್ಕಟತನ ಅವರ ದುಡಿಮೆಯ ಮೇಲೆ ನಿಂತಿತ್ತು.

ಉಳಿದ ಸೌಕರ್ಯಗಳು ಒಂದೊಂದಾಗಿ ಬಂದವು. ಹೆಸರಘಟ್ಟದ ನೀರು 1890ರ ದಶಕದ ನಡುವಿನಲ್ಲಿ ನಗರಕ್ಕೆ ಹರಿಯಿತು. 1905ರಲ್ಲಿ ನಗರದ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ತು ಬಂತು. 1909ರಲ್ಲಿ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಪ್ರಾಧ್ಯಾಪಕರು, ವಕೀಲರು, ಸರ್ಕಾರಿ ನೌಕರರು ಮಲ್ಲೇಶ್ವರದಲ್ಲಿ ಮನೆ ಹುಡುಕಿದರು. ಸರ್ ಸಿ.ವಿ. ರಾಮನ್ ಅವರ ಮನೆ ಪಂಚವಟಿ ಇರುವುದೂ ಇಲ್ಲೇ. ಈ ಸೌಕರ್ಯಗಳಲ್ಲಿ ಯಾವುದನ್ನೂ ಒಬ್ಬ ಮನೆ ಯಜಮಾನ ತನ್ನ ಹಣದಿಂದ ತರಲಿಲ್ಲ. ಕೆರೆ, ನಲ್ಲಿ, ದೀಪ, ರಸ್ತೆ ಎಲ್ಲವೂ ಸಾರ್ವಜನಿಕ ಹಣದಿಂದ ಬಂದವು.

ಕೇಳುಗರೇ, ಬಡಾವಣೆ ಹುಟ್ಟಿದ ಬಗೆಯನ್ನು ಇಲ್ಲಿಯವರೆಗೆ ಹೇಳಿದ್ದಾಯಿತು. ಪೇಟೆಯ ಇಕ್ಕಟ್ಟು, ಪ್ಲೇಗು, ಯೋಜಿತ ರಸ್ತೆ, ನೀರು, ದೀಪ. ಇನ್ನು ಅಲ್ಲಿನ ದಿನಚರಿಯ ಮಾತು.

ಬೆಳಗಿನ ಐದೂವರೆ ಆರರ ಹೊತ್ತಿಗೆ ಹಾಲಿನ ಬೂತಿನಲ್ಲಿ ಪ್ಲಾಸ್ಟಿಕ್ ಕ್ರೇಟುಗಳ ಸದ್ದು. ಪಕ್ಕದಲ್ಲೇ ಪೇಪರ್ ಹುಡುಗರು ಪುರವಣಿ ಸೇರಿಸುತ್ತ ಕೂತಿರುತ್ತಾರೆ. ಸ್ಯಾಂಕಿ ಕೆರೆಯ ಏರಿ ಕಡೆಗೆ ವಾಕಿಂಗಿಗೆ ಹೊರಟವರ ಮಾತು ಬೀದಿಯಲ್ಲಿ ಕೇಳಿಸುತ್ತದೆ. ಗುಡಿಯಲ್ಲಿ ಗಂಟೆ. ಸೊಪ್ಪಿನವಳು ದಂಟು, ಮೆಂತ್ಯ, ಸಬ್ಬಸಿಗೆ ಎಂದು ಕೂಗುತ್ತ ಕ್ರಾಸಿನಿಂದ ಕ್ರಾಸಿಗೆ ಹೋಗುತ್ತಾಳೆ. ಒಂಬತ್ತಕ್ಕೆ ಮರದ ಕೆಳಗೆ ಇಸ್ತ್ರಿ ಗಾಡಿಯ ಇದ್ದಿಲು ಕೆಂಪಗಾಗುತ್ತದೆ. ಅದೇ ಹೊತ್ತಿಗೆ ದರ್ಶಿನಿಗಳ ಮುಂದೆ ಜನ ನಿಂತೇ ಇಡ್ಲಿ ತಿನ್ನುತ್ತಿರುತ್ತಾರೆ.

ಎಂಟನೆಯ ಕ್ರಾಸ್ ಈ ಬದುಕಿನ ನಡುಮನೆ. ಇಲ್ಲಿ ಹೂವು ಮೊಳದ ಲೆಕ್ಕದಲ್ಲಿ ಸಿಗುತ್ತದೆ. ಹೂವಿನವಳು ಮಾಲೆಯ ತುದಿಯನ್ನು ಬೆರಳಲ್ಲಿ ಹಿಡಿದು ಮೊಣಕೈವರೆಗೆ ಎಳೆಯುತ್ತಾಳೆ. ಅದು ಒಂದು ಮೊಳ. ಮಲ್ಲಿಗೆ, ಕಾಕಡ, ಕನಕಾಂಬರ ಬಾಳೆಯೆಲೆಯ ಮೇಲೆ ಸುರುಳಿಯಾಗಿ ಕೂತಿರುತ್ತವೆ. ಒದ್ದೆ ಗೋಣಿಯ ತಂಪು, ಹೂವಿನ ವಾಸನೆ, ಚೌಕಾಸಿಯ ಮಾತು ಎಲ್ಲ ಒಟ್ಟಿಗೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ತಾವರೆ, ಬಾಳೆಕಂದು, ಮಾವಿನ ಸೊಪ್ಪು ರಸ್ತೆಯ ಅರ್ಧಕ್ಕೆ ಬರುತ್ತವೆ. ಗೌರಿ ಗಣೇಶ ಹಬ್ಬಕ್ಕೆ ಮಣ್ಣಿನ ಮೂರ್ತಿಗಳ ಸಾಲು. ಕೊಳ್ಳುವವರಲ್ಲಿ ಬಂಗಲೆಯವರೂ ಇರುತ್ತಾರೆ, ಒಂಟಿಕೋಣೆ ಮನೆಯವರೂ ಇರುತ್ತಾರೆ.

ಈ ಚಿತ್ರದಲ್ಲಿ ಗಮನಿಸಬೇಕಾದದ್ದು ದೂರ. ಹಾಲು, ಹೂವು, ತರಕಾರಿ, ಔಷಧಿ, ಬ್ಯಾಂಕು, ಶಾಲೆ, ಕಾಲೇಜು, ಕೆ.ಸಿ. ಜನರಲ್ ಆಸ್ಪತ್ರೆ ಎಲ್ಲವೂ ಮಲ್ಲೇಶ್ವರದ ಎಷ್ಟೋ ಮನೆಗಳಿಗೆ ನಡೆದು ಹೋಗುವಷ್ಟು ಹತ್ತಿರ. ಎಪ್ಪತ್ತು ದಾಟಿದವರು ಯಾರ ಹಂಗೂ ಇಲ್ಲದೆ ಹೊರಗೆ ಹೋಗಿ ಬರಬಲ್ಲರು. ಮನೆ ಮಾರಾಟದ ಜಾಹೀರಾತುಗಳನ್ನು ಓದಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ದೇವಸ್ಥಾನಕ್ಕೆ ಹತ್ತಿರ, ಮೆಟ್ರೋಗೆ ಐದು ನಿಮಿಷ, ಕಾವೇರಿ ನೀರು, ಶಾಂತ ರಸ್ತೆ, ಒಳ್ಳೆಯ ನೆರೆಹೊರೆ. ಬ್ರೋಕರು ಹೊಗಳುವ ಈ ಗುಣಗಳಲ್ಲಿ ಒಂದೂ ಮನೆಯ ಗೋಡೆಯೊಳಗಿನದಲ್ಲ. ಮಾರುವವನು ಮನೆಯ ಜೊತೆಗೆ ಬೀದಿಯ ಬೆಲೆಯನ್ನೂ ಎಣಿಸಿಕೊಳ್ಳುತ್ತಾನೆ.

ದಿನಚರಿಯೇ ನೆಲದ ಬೆಲೆಗೆ ಆಧಾರ ಎಂಬುದು ಇದರಿಂದ ತಿಳಿಯಿತು. ಈಗ ಮನೆಗಳ ಬಗೆಯನ್ನೂ ಬಾಡಿಗೆಯ ರೂಢಿಯನ್ನೂ ನೋಡಬೇಕು.

ಮಲ್ಲೇಶ್ವರದ ಹಳೆಯ ಮನೆ ಎಂದರೆ ಮಂಗಳೂರು ಹೆಂಚು, ಕೆಂಪು ಗಾರೆ ನೆಲ, ಮುಂದೆ ಜಗಲಿ, ಹಿಂದೆ ಬಾವಿ ಮತ್ತು ತೆಂಗಿನಮರ. ಕಿಟಕಿಯ ಮೇಲೆ ಮರದ ಪಟ್ಟಿಗಳ ಮುಂಚಾಚು. ಅದಕ್ಕೆ ಜನ ಮಂಕಿಟಾಪ್ ಎನ್ನುತ್ತಾರೆ. ಮಳೆಯನ್ನು ತಡೆದು ಗಾಳಿಯನ್ನು ಬಿಡುವುದು ಅದರ ಕೆಲಸ. ಇಂಥ ಮನೆಗಳ ಜೊತೆಗೆ ಔಟ್‌ಹೌಸುಗಳಿದ್ದವು. ವಠಾರಗಳಿದ್ದವು. ವಠಾರ ಎಂದರೆ ಒಂದು ಅಂಗಳದ ಸುತ್ತ ಸಾಲಾಗಿ ನಿಂತ ಪುಟ್ಟ ಮನೆಗಳು. ನಲ್ಲಿ ಒಂದೇ, ಬಟ್ಟೆ ಒಗೆಯುವ ಕಲ್ಲು ಒಂದೇ. ಗುಮಾಸ್ತರು, ಅಡುಗೆಯವರು, ಓದಲು ಬಂದ ಹುಡುಗರು ಅಲ್ಲಿ ಕಡಿಮೆ ಬಾಡಿಗೆಗೆ ಇರುತ್ತಿದ್ದರು. ಹೀಗಾಗಿ ಒಂದೇ ಬೀದಿಯಲ್ಲಿ ಹಲವು ಬಗೆಯ ವರಮಾನದವರಿಗೆ ಜಾಗವಿತ್ತು.

ಬಾಡಿಗೆಯಲ್ಲಿ ಬೆಂಗಳೂರಿಗೆ ತನ್ನದೇ ರೂಢಿಗಳಿವೆ. ಬಹುಕಾಲದ ರೂಢಿಯಂತೆ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್. ತಿಂಗಳಿಗೆ 20 ಸಾವಿರ ಬಾಡಿಗೆಯಾದರೆ ಕೈಯಲ್ಲಿ 2 ಲಕ್ಷ ಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದು ದೊಡ್ಡ ಹೊರೆ. ಕರಾರುಪತ್ರ ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. 11 ತಿಂಗಳ ರೂಢಿ ಅದರಿಂದ ಹುಟ್ಟಿತು.

ಇನ್ನೊಂದು ರೂಢಿ ಭೋಗ್ಯ. ಬಾಡಿಗೆಗೆ ಬರುವವರು ಒಂದು ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಡುತ್ತಾರೆ. ತಿಂಗಳ ಬಾಡಿಗೆ ಇಲ್ಲ, ಹಣಕ್ಕೆ ಬಡ್ಡಿ ಇಲ್ಲ. ಎರಡು ಮೂರು ವರ್ಷದ ಅವಧಿ ಮುಗಿದಾಗ ಮನೆ ಬಿಡಬೇಕು, ಹಣ ವಾಪಸು ಬರಬೇಕು. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಇಲ್ಲಿ ಅಪಾಯವಿದೆ. ಮಾಲೀಕರು ಸಾಲ ಕಟ್ಟದೆ ಹೋಗಿ ಬ್ಯಾಂಕು ಮನೆಯನ್ನು ಹರಾಜು ಹಾಕಿದಾಗ ಭೋಗ್ಯದವರ ಹಣ ಸಿಕ್ಕಿಬೀಳುತ್ತದೆ. ಆದ್ದರಿಂದ ಹಣ ಕೊಡುವ ಮುಂಚೆ ಋಣಭಾರ ಪತ್ರವನ್ನು, ಅಂದರೆ ಇಸಿಯನ್ನು, ತೆಗೆಸಿ ನೋಡಬೇಕು. ಭೋಗ್ಯಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಬರೀ ಛಾಪಾ ಕಾಗದದ ಬರವಣಿಗೆಯನ್ನು ನಂಬಿ ಜೀವಮಾನದ ಉಳಿತಾಯವನ್ನು ಕೊಡಬಾರದು.

ಹಳೆಯ ಮನೆ, ವಠಾರ, ಅಡ್ವಾನ್ಸ್, ಭೋಗ್ಯ ಇವುಗಳ ಪರಿಚಯವಾಯಿತು. ಮುಂದಿನ ಪ್ರಶ್ನೆ: ಇಷ್ಟು ಒಳ್ಳೆಯ ಹಳೆಯ ಮನೆಗಳು ಏಕೆ ಮಾರಾಟವಾಗುತ್ತವೆ?

ಮೊದಲ ಕಾರಣ ಪಾಲು. ಅಜ್ಜನ ಮನೆಗೆ ಮೊಮ್ಮಕ್ಕಳ ಕಾಲಕ್ಕೆ ಹತ್ತು ಮಂದಿ ಹಕ್ಕುದಾರರು. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಡಲು ಹೊರಟಿತು. 2005ರಲ್ಲಿ ಇಡೀ ದೇಶದಲ್ಲಿ ಆ ಹಕ್ಕು ಬಂತು. ಇದು ನ್ಯಾಯವಾದ ಬದಲಾವಣೆ. ಆದರೆ ಒಂದು ಜಗಲಿ, ಒಂದು ಅಡುಗೆಮನೆ, ಒಂದು ಬಾವಿಯನ್ನು ಹತ್ತು ಭಾಗ ಮಾಡಲಾಗದು. ಎರಡನೆಯ ಕಾರಣ ವಲಸೆ. ಮಕ್ಕಳು ಬೇರೆ ಊರು, ಬೇರೆ ದೇಶದಲ್ಲಿರುತ್ತಾರೆ. ಹೆಂಚು ತಿರುವಿ ಹಾಕಿಸಲು, ಗೆದ್ದಲು ನೋಡಿಕೊಳ್ಳಲು ಮನೆಯಲ್ಲಿ ಶಕ್ತಿ ಇರುವವರು ಇಲ್ಲ. ಮೂರನೆಯ ಕಾರಣ ಬೆಲೆಯೇ. 2010ರಲ್ಲಿ ಸಂಪಿಗೆ ರಸ್ತೆಯ ದಕ್ಷಿಣ ತುದಿಯಲ್ಲಿ ದೊಡ್ಡ ಮಾಲ್ ಬಂತು. 2014ರ ಮಾರ್ಚಿನಲ್ಲಿ ಅದರ ಪಕ್ಕದ ಸಂಪಿಗೆ ರಸ್ತೆ ನಿಲ್ದಾಣದಿಂದ ಪೀಣ್ಯದ ಕಡೆಗೆ ಮೆಟ್ರೋ ಓಡಿತು. 2017ರಲ್ಲಿ ಆ ಮಾರ್ಗ ನಗರದ ದಕ್ಷಿಣದವರೆಗೆ ಕೂಡಿಕೊಂಡಿತು. ನೆಲದ ಬೆಲೆಯ ಮುಂದೆ ಅದರ ಮೇಲಿನ ಹೆಂಚಿನ ಮನೆ ಲೆಕ್ಕಕ್ಕೇ ಸಿಗದಂತಾಯಿತು.

ಇಂಥ ಮನೆಗಳಿಗೆ ಸಾಮಾನ್ಯವಾಗಿ ಹುಡುಕುವ ದಾರಿ ಜಂಟಿ ಅಭಿವೃದ್ಧಿ. ನೆಲ ಮನೆಯವರದು, ಕಟ್ಟುವ ಖರ್ಚು ಬಿಲ್ಡರದು. ಕಟ್ಟಿದ ಮೇಲೆ ಫ್ಲ್ಯಾಟುಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಒಂದು ಉದಾಹರಣೆ. ನಿವೇಶನ 50 ಅಡಿ ಅಗಲ, 80 ಅಡಿ ಉದ್ದ. ಒಟ್ಟು 4,000 ಚದರ ಅಡಿ, ಅಂದರೆ ಸುಮಾರು 370 ಚದರ ಮೀಟರ್. ನೆಲಮಟ್ಟದಲ್ಲಿ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ಎರಡು ಮನೆ. ಒಟ್ಟು ಎಂಟು. ಅರ್ಧ ಅರ್ಧ ಹಂಚಿಕೆಯಾದರೆ ನಾಲ್ವರು ಮಕ್ಕಳಿಗೆ ನಾಲ್ಕು, ಬಿಲ್ಡರಿಗೆ ನಾಲ್ಕು. ಮಕ್ಕಳ ಪಾಲಿನ ಜಗಳ ತೀರುತ್ತದೆ. ಬೀದಿಗೆ ಮಾತ್ರ ಒಂದು ಮನೆಯ ಜಾಗದಲ್ಲಿ ಎಂಟು ಮನೆ ಬಂದವು.

ಕೇಳುಗರೇ, ಪಾಲು, ವಲಸೆ, ಬೆಲೆ ಈ ಮೂರು ಕಾರಣಗಳಿಂದ ಹಳೆಯ ಮನೆ ಫ್ಲ್ಯಾಟಾಗುತ್ತದೆ ಎಂಬುದನ್ನು ಹೇಳಿದ್ದಾಯಿತು. ಇನ್ನು ಕೊಳ್ಳುವವರು ನೋಡಬೇಕಾದ ಕಾಗದಪತ್ರಗಳು. ಮೇಲಿನ ಉದಾಹರಣೆಯೇ ಇಲ್ಲಿ ನೆರವಾಗುತ್ತದೆ.

ಮೊದಲನೆಯದು ರೇರಾ. 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ ದೊಡ್ಡ ಯೋಜನೆಗಳು ನೋಂದಣಿಯಾಗಬೇಕು. ನೆಲ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳ ಸಂಖ್ಯೆ ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ನಮ್ಮ ಉದಾಹರಣೆಯ ಕಟ್ಟಡ ಈ ಮಿತಿಯೊಳಗೇ ಇದೆ. ಹಳೆಯ ಬಡಾವಣೆಯ ಸಣ್ಣ ಕಟ್ಟಡಗಳಲ್ಲಿ ಎಷ್ಟೋ ಹೀಗೆಯೇ ಹೊರಗುಳಿಯುತ್ತವೆ. ಅಲ್ಲಿ ಪರಿಶೀಲನೆಯ ಭಾರ ಕೊಳ್ಳುವವರ ಮೇಲೆ.

ಎರಡನೆಯದು ಹಕ್ಕಿನ ಸರಪಳಿ. ಮೂಲಪತ್ರದಿಂದ ಇಂದಿನವರೆಗೆ ಆಸ್ತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದು ತಪ್ಪಿಲ್ಲದೆ ಕಾಣಬೇಕು. ಪಿತ್ರಾರ್ಜಿತ ಮನೆಯಾದರೆ ವಂಶವೃಕ್ಷ ನೋಡಬೇಕು. ಹೆಣ್ಣುಮಕ್ಕಳೂ ಸೇರಿ ಹಕ್ಕಿರುವ ಎಲ್ಲರೂ ಸಹಿ ಹಾಕಿದ್ದಾರೆಯೇ ಎಂದು ಕೇಳಬೇಕು. ಬಿಟ್ಟುಹೋದ ಒಂದು ಸಹಿ ಹತ್ತು ವರ್ಷದ ಮೊಕದ್ದಮೆಯಾಗಬಲ್ಲದು. ಮೂರನೆಯದು ಖಾತೆ. ಆಸ್ತಿ ತೆರಿಗೆ ಯಾರ ಹೆಸರಿನಲ್ಲಿದೆ ಎಂಬುದನ್ನು ಖಾತೆ ಹೇಳುತ್ತದೆ. ಹಕ್ಕನ್ನು ಹೇಳುವುದು ನೋಂದಾಯಿತ ಪತ್ರ. ಈಗ ನಗರದಲ್ಲಿ ನೋಂದಣಿಗೆ ಇ-ಖಾತೆ ಬೇಕು.

ನಾಲ್ಕನೆಯದು ಅಳತೆ. ಸೂಪರ್ ಬಿಲ್ಟಪ್ ಎಂಬ ಲೆಕ್ಕದಲ್ಲಿ ಮೆಟ್ಟಿಲು, ಲಿಫ್ಟು, ಹಾದಿ ಎಲ್ಲ ಸೇರಿರುತ್ತದೆ. ಮನೆಯೊಳಗೆ ಬಳಸಲು ಸಿಗುವ ನೆಲವೇ ಕಾರ್ಪೆಟ್ ಏರಿಯಾ. ಬೆಲೆಯನ್ನು ಅದರಿಂದ ಭಾಗಿಸಿ ನೋಡಬೇಕು. ಐದನೆಯದು ನೆಲದ ಅವಿಭಜಿತ ಪಾಲು. ಉದಾಹರಣೆಯ ಎಂಟು ಮನೆಗಳಿಗೆ ಸಮವಾಗಿ ಹಂಚಿದರೆ ತಲಾ 500 ಚದರ ಅಡಿ ನೆಲ. ಕಟ್ಟಡ ಹಳತಾದ ಮೇಲೆ ಉಳಿಯುವ ನಿಜವಾದ ಆಸ್ತಿ ಇದೇ. ಕ್ರಯಪತ್ರದಲ್ಲಿ ಅದು ಅಂಕಿಯಲ್ಲಿ ಬರೆದಿರಬೇಕು. ಆರನೆಯದು ಮಂಜೂರಾದ ನಕ್ಷೆ ಮತ್ತು ಓಸಿ, ಅಂದರೆ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ. ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾಗದಪತ್ರ ಸರಿಯಾದರೆ ಕೊಂಡವರ ಹಣ ಉಳಿಯುತ್ತದೆ. ಬೀದಿ ಉಳಿಯುವುದಕ್ಕೆ ಅಷ್ಟು ಸಾಲದು. ಕೊನೆಯದಾಗಿ ಬೀದಿಯ ಮೇಲಿನ ಪರಿಣಾಮವನ್ನು ನೋಡಬೇಕು.

ಒಂದು ಮನೆಯ ಜಾಗದಲ್ಲಿ ಎಂಟು ಮನೆಯಾದಾಗ ಅಡುಗೆಮನೆ ಎಂಟು, ಬಚ್ಚಲು ಹದಿನಾರು. ನೀರಿನ ಕೊಳವೆ, ಒಳಚರಂಡಿ, ರಸ್ತೆಯ ಅಗಲ ಮೊದಲಿನಷ್ಟೇ. ಕಾರುಗಳು ಪಾರ್ಕಿಂಗ್ ಮೀರಿ ಬೀದಿಗೆ ಬರುತ್ತವೆ. ಆಗ ಮುದುಕರು ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯುತ್ತಾರೆ. ಅಂಗಳಕ್ಕೆ ಕಾಂಕ್ರೀಟು ಬಿದ್ದ ಮೇಲೆ ಮಳೆನೀರು ನೆಲಕ್ಕೆ ಇಳಿಯದೆ ಚರಂಡಿಗೆ ಓಡುತ್ತದೆ. ಬಾವಿ ಮುಚ್ಚಿದ ಮನೆಯಲ್ಲೇ ಬೋರ್‌ವೆಲ್ ಇನ್ನೂ ಆಳಕ್ಕೆ ಹೋಗುತ್ತದೆ. ಸಾವಿರಾರು ಬೋರ್‌ವೆಲ್ ಬತ್ತಿದಾಗ ಏನಾಗುತ್ತದೆ ಎಂಬುದನ್ನು 2024ರ ಬೇಸಿಗೆ ಇಡೀ ಬೆಂಗಳೂರಿಗೆ ತೋರಿಸಿತು. ವಠಾರ ಹೋದಾಗ ಅಲ್ಲಿದ್ದವರೂ ಹೋಗುತ್ತಾರೆ. ಮನೆಗೆಲಸದವಳು, ಇಸ್ತ್ರಿಯವನು, ಹೂವಿನವಳು ಹತ್ತಾರು ಕಿಲೋಮೀಟರ್ ದೂರದಿಂದ ಬರಬೇಕಾಗುತ್ತದೆ. ಅಂಗಡಿಯ ಬಾಡಿಗೆ ಏರಿದಂತೆ ಹಳೆಯ ಗ್ರಂದಿಗೆ ಅಂಗಡಿ ಮುಚ್ಚುತ್ತದೆ. ಯಾವುದಕ್ಕಾಗಿ ಜನ ಮಲ್ಲೇಶ್ವರವನ್ನು ಬಯಸಿ ಬಂದರೋ ಅದೇ ಹೀಗೆ ಕರಗುತ್ತದೆ.

ಇದನ್ನು ತಡೆಯುವ ಸಾಧನಗಳು ಕಾನೂನಿನಲ್ಲಿ ಇವೆ. ಮರ ಖಾಸಗಿ ನೆಲದಲ್ಲಿದ್ದರೂ ಅದನ್ನು ಕಡಿಯಲು ಅನುಮತಿ ಬೇಕು ಎಂದು 1976ರ ಮರ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 2009ರಿಂದ ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯ. ಹಳೆಯ ಕಟ್ಟಡವಾದರೆ 2,400 ಚದರ ಅಡಿ, ಹೊಸದಾದರೆ 1,200 ಚದರ ಅಡಿ ನಿವೇಶನದಿಂದ ಇದು ಅನ್ವಯವಾಗುತ್ತದೆ. ಬೀದಿ ವ್ಯಾಪಾರಿಗಳ ಜೀವನೋಪಾಯಕ್ಕೆ 2014ರ ಕಾಯ್ದೆಯ ರಕ್ಷಣೆ ಇದೆ. ವಾರ್ಡ್ ಸಮಿತಿಗಳಲ್ಲಿ ಮಾತಾಡುವ ಹಕ್ಕು ನಿವಾಸಿಗಳಿಗಿದೆ. ಆಡಳಿತದ ಹೆಸರು ಬದಲಾಗಬಹುದು. 2007ರಲ್ಲಿ ಬೃಹತ್ ಮಹಾನಗರ ಪಾಲಿಕೆ ಬಂತು, 2025ರಲ್ಲಿ ಅದರ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಕೇಳುವವರು ಇಲ್ಲದಿದ್ದರೆ ಯಾವ ಪಾಲಿಕೆಯಿಂದಲೂ ಕೆಲಸ ಆಗದು.

ಒಟ್ಟು ಮಾತು ಇಷ್ಟು. ಮಲ್ಲೇಶ್ವರದ ನೆಲಕ್ಕೆ ಬೆಲೆ ತಂದದ್ದು ಅದರ ಬೀದಿ. ಆ ಬೀದಿಯನ್ನು ಕಟ್ಟಿದವರಲ್ಲಿ ದಿವಾನರೂ ಇದ್ದಾರೆ, ಓಣಿ ಗುಡಿಸಿದವರೂ ಇದ್ದಾರೆ, ಹೂ ಮಾರಿದವರೂ ಇದ್ದಾರೆ. ಬೆಲೆಯಲ್ಲಿ ಪಾಲು ಪಡೆಯುವವರು ಬೀದಿಯ ಋಣವನ್ನೂ ತೀರಿಸಬೇಕು. ಕೇಳುಗರು ಮಲ್ಲೇಶ್ವರದವರೇ ಆಗಬೇಕಿಲ್ಲ. ಮೈಸೂರಿನ ಅಗ್ರಹಾರ, ಹುಬ್ಬಳ್ಳಿಯ ಓಣಿ, ಮಂಗಳೂರಿನ ಕೇರಿ ಎಲ್ಲಿಯೇ ಇರಲಿ, ಮನೆ ಕಟ್ಟಿಸುವಾಗ ಇರುವ ಮರವನ್ನು ಉಳಿಸಿ. ಮಳೆನೀರಿಗೆ ಒಂದಿಷ್ಟು ಮಣ್ಣು ಬಿಡಿ. ಕಾರನ್ನು ಕಾಂಪೌಂಡಿನೊಳಗೆ ನಿಲ್ಲಿಸಿ. ಬಾಡಿಗೆ ಮನೆ ಕೊಡುವಾಗ ದುಡಿದು ತಿನ್ನುವವರನ್ನು ದೂರ ಇಡಬೇಡಿ. ವಾರ್ಡ್ ಸಭೆ ನಡೆಯುವ ದಿನ ಹೋಗಿ ಕೂತು ನಿಮ್ಮ ಬೀದಿಯ ಪರವಾಗಿ ಮಾತಾಡಿ.